ಸಿಪ್ಪೆಯ ಜೀವ

ಸೊಸೆ ಸ್ನಾನ ಮುಗಿಸಿ ಹಿತ್ತಲಿಗೆ ಬರುವಷ್ಟರಲ್ಲಿ ಎಡವಟ್ಟಾಗಿಹೋಗಿತ್ತು. ಅನಾನಸ್ ಸಿಪ್ಪೆ ಕೊಳೆಸಿ ಅವಳು ಸೋಸಿಟ್ಟಿದ್ದ ರಸವನ್ನೆಲ್ಲ ಅತ್ತೆ ದೊಡ್ಡ ಪಾತ್ರೆಗೆ ಸುರಿದು ಕುದಿಸಿಬಿಟ್ಟಿದ್ದರು.

“ಒಂಥರಾ ನಾರ್ತಿತ್ತಮ್ಮ. ಬಂದವರ ಮುಂದೆ ನಿನ್ನ ಮರ್ಯಾದೆ ಹೋಗಬಾರದು ಅಂತ ಕಾಯಿಸಿಟ್ಟೆ,” ಎಂದರು, ದೊಡ್ಡ ಉಪಕಾರ ಮಾಡಿದವರ ಹಾಗೆ.

ಸೊಸೆ ಪಾತ್ರೆಯ ಹತ್ತಿರ ಓಡಿದಳು. ಜ್ಯೂಸ್ ಅಂಗಡಿಯವರು ಬಿಸಾಡುವ ಸಿಪ್ಪೆ ಹೊತ್ತು ತಂದು, ಅಕ್ಕಪಕ್ಕದವರಿಂದ ಬೈಸಿಕೊಂಡು, ಮೂರು ತಿಂಗಳು ಹೆಣಗಿ ಅದರಿಂದ ಕಿಣ್ವ ತೆಗೆಯುವುದನ್ನು ಕಲಿತಿದ್ದಳು. ಚರ್ಮ ಹದ ಮಾಡುವ ಕಾರ್ಖಾನೆಯ ಮೇಸ್ತ್ರಿ ಇವತ್ತೇ ಸಂಜೆ ಐದಕ್ಕೆ ಬರುವವನಿದ್ದ. ಈ ರಸ ಚರ್ಮವನ್ನು ಮೆತ್ತಗೆ ಮಾಡಿದರೆ ವಾರವಾರವೂ ಕೊಳ್ಳುತ್ತೇನೆ, ಇಲ್ಲದಿದ್ದರೆ ಇನ್ನೊಮ್ಮೆ ಕರೆಯಬೇಡಿ ಎಂದು ಕಡ್ಡಿ ಮುರಿದಂತೆ ಹೇಳಿದ್ದ. ಮೆತ್ತಗೆ ಮಾಡುವುದು ಆ ಕಿಣ್ವವೇ. ಕುದಿಸಿದರೆ ಅದು ಸತ್ತುಹೋಗುತ್ತದೆ ಎಂದು ಸೊಸೆ ಹೇಳಿದಳು.

ಇಷ್ಟು ಕೇಳಿದ್ದೇ ಅತ್ತೆಯ ಮುಖ ಬಾಡಿತು. ಕೆಡಬಾರದೆಂದು ಐವತ್ತು ವರ್ಷ ಹಾಲು ಕಾಯಿಸಿದ ಕೈ, ಪಾಪ, ಬೇರೇನು ಮಾಡೀತು. ಬೈಯಲು ಸೊಸೆಗೆ ಮನಸ್ಸೂ ಬರಲಿಲ್ಲ, ಹೊತ್ತೂ ಇರಲಿಲ್ಲ. ಸುತ್ತ ಕಣ್ಣಾಡಿಸಿದಳು. ಹಿಂಡಿ ಬಿಸಾಡಿದ ಚರಟ ಬುಟ್ಟಿಯಲ್ಲೇ ಇತ್ತು. ಅದರಲ್ಲಿ ಅಷ್ಟೋ ಇಷ್ಟೋ ಉಳಿದಿರಲೇಬೇಕು ಎಂದು ತೋಳೇರಿಸಿದಳು.

ಇಬ್ಬರೂ ಸೇರಿ ತಣ್ಣೀರಿಗೆ ಉಪ್ಪು ಹಾಕಿ ಚರಟ ನೆನೆಸಿದರು. ಬಟ್ಟೆಯಲ್ಲಿ ಕಟ್ಟಿ, ಒಬ್ಬೊಬ್ಬರು ಒಂದೊಂದು ತುದಿ ಹಿಡಿದು ಹಿಂಡಿದರು. ಮತ್ತೆ ನೆನೆಸಿದರು, ಮತ್ತೆ ಹಿಂಡಿದರು. ಊಟದ ಮಾತು ಯಾರೂ ಎತ್ತಲಿಲ್ಲ. ನಾಲ್ಕು ಗಂಟೆಗೆ ಬಾಟಲಿ ಅರ್ಧ ತುಂಬಿತ್ತು, ಆದರೆ ಅದರಲ್ಲಿ ಕಿಣ್ವ ಇದೆಯೋ ಬರೀ ನೀರೋ ದೇವರಿಗೇ ಗೊತ್ತು. ಅಷ್ಟರಲ್ಲಿ ಅತ್ತೆ ಆಚೆ ತಿರುಗಿ ಬೆರಳಿಗೆ ಗಾಳಿ ಊದಿಕೊಳ್ಳುವುದು ಸೊಸೆಯ ಕಣ್ಣಿಗೆ ಬಿತ್ತು.

“ಉರೀತಿದೆಯಾ ಅತ್ತೆ?”

“ಸ್ವಲ್ಪ. ನೀನು ಹಿಂಡು.”

ಸೊಸೆ ಆ ಕೈ ಎಳೆದು ನೋಡಿದಳು. ಬೆರಳ ತುದಿಗಳು ಕೆಂಪಾಗಿ ಚರ್ಮ ಸುಲಿಯತೊಡಗಿತ್ತು. “ಕಿಣ್ವ ಚರ್ಮ ತಿಂತಿದೆ ಅತ್ತೆ. ಅಂದ್ರೆ ಸತ್ತಿಲ್ಲ, ಬದುಕಿದೆ,” ಎನ್ನುವಾಗ ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಓಡಿಹೋಗಿ ರಬ್ಬರ್ ಗ್ಲೌಸ್ ತಂದು ಕೊಟ್ಟಳು. ಅತ್ತೆ ಅದನ್ನು ಪಕ್ಕಕ್ಕೆ ಸರಿಸಿ ಮತ್ತೆ ಬಟ್ಟೆಯ ತುದಿ ಹಿಡಿದರು.

“ನೀನು ಹಾಕ್ಕೋ. ನನಗೆ ಬೇಡ. ಈ ಸಲ ಅದು ಸತ್ತರೆ ಉರಿ ನಿಲ್ಲುತ್ತಲ್ಲ, ಮೊದಲು ನನಗೇ ಗೊತ್ತಾಗಲಿ.”