ಎರಡೇ ಕೀಲಿಕೈ

"ಬೇಗ ತೆಗೀರಪ್ಪ. ಅವನು ಬಂದ್ಬಿಟ್ರೆ ರಂಪ ಆಗುತ್ತೆ."

ತಮ್ಮ ಹೇಳಿದ್ದು ಬೀಗದವನಿಗೆ, ಕಣ್ಣಿಟ್ಟಿದ್ದು ಬೀದಿಯ ತಿರುವಿನ ಮೇಲೆ. ಹೋದ ವಾರ ತೀರಿಕೊಂಡ ಅಣ್ಣನ ಮನೆ ಬಾಗಿಲಲ್ಲಿ ಗಂಡ ಹೆಂಡತಿ ಕಳ್ಳರ ಹಾಗೆ ನಿಂತಿದ್ದರು. ಛೆ, ಕಳ್ಳರೆನ್ನಬಾರದು. ವಾರಸುದಾರರು. ವಕೀಲರು ಮಾಡಿಸಿಕೊಟ್ಟ ಕಾಗದ ಕಿಸೆಯಲ್ಲಿತ್ತು.

ಬಾಗಿಲ ಚೌಕಟ್ಟಿಗೆ 'ಬೀಗ ಕೆಟ್ಟರೆ ಕರೆಯಿರಿ' ಎಂಬ ಚೀಟಿ ಅಂಟಿತ್ತು. ತಮ್ಮನ ಹೆಂಡತಿ ಅದರಲ್ಲಿದ್ದ ನಂಬರಿಗೇ ಫೋನ್ ಮಾಡಿದ್ದಳು. ಆ ಕಡೆಯವನು ವಿಳಾಸವನ್ನು ಮೂರು ಸಲ ಹೇಳಿಸಿದ. ಕಿವುಡನಿರಬೇಕೆಂದು ಗೊಣಗಿದಳು. ಆದರೆ ಮನುಷ್ಯ ಬಂದ. ಅರ್ಧ ತಲೆ ನರೆತ ಸಣಕಲ, ಹೆಗಲಿಗೆ ಚೀಲ, ಕೈಗೆ ಗವಸು.

"ಮನೆ ನಿಮ್ಮದೇ ಅಂತ ಗುರುತು ತೋರಿಸಿ," ಎಂದ. "ನೋಡದೆ ನಾವು ಯಾರ ಬಾಗಿಲಿಗೂ ಕೈ ಹಾಕಲ್ಲ."

ತಮ್ಮ ಕಾಗದ ಕೊಟ್ಟ. ಬೀಗದವನು ಓದಿದ. ಮತ್ತೆ ಮೊದಲಿಂದ ಓದಿದ.

"ಸತ್ತವರಿಗೆ ನಿಮ್ಮನ್ನ ಬಿಟ್ಟು ಯಾರೂ ಇರಲಿಲ್ಲ ಅಂತ ಬರೆದಿದೆ."

"ಇರಲಿಲ್ಲ. ಒಬ್ಬನೇ ಇದ್ದ."

"ಭಾವ ಒಬ್ರೇ ಎಲ್ಲಿದ್ರು ರೀ?" ಹೆಂಡತಿಗೆ ಬಾಯಿ ತಡೆಯಲಿಲ್ಲ. "ಆ ಇನ್ನೊಬ್ಬ ಇರಲಿಲ್ವಾ, ಇಪ್ಪತ್ತು ವರ್ಷದಿಂದ? ನಾಲ್ಕು ಜನ ಸ್ನೇಹಿತರನ್ನ ಕೂರಿಸಿಕೊಂಡು ಉಂಗುರ ಬದಲಾಯಿಸಿಕೊಂಡ್ರಂತೆ. ಗಂಡಸು ಗಂಡಸು! ಅದಕ್ಕೆ ಮದುವೆ ಅಂತ ಹೆಸರು ಬೇರೆ."

"ಸುಮ್ನಿರೇ," ಎಂದ ತಮ್ಮ. ಅಣ್ಣ ಅದನ್ನು ಮಾಡಿಕೊಂಡ ದಿನದಿಂದ ಈ ಮನೆಯ ಮೆಟ್ಟಿಲು ಹತ್ತದವನು ಅವನು. ಇವತ್ತು ಮಾತ್ರ ಹತ್ತಿದ್ದ.

"ಅವನು ಕೋರ್ಟಿಗೆ ಹೋದ್ರೆ?" ಕೇಳಿದ ಬೀಗದವನು.

"ಹೋಗಿ ಏನಂತಾನೆ? ಕಾನೂನು ಅದನ್ನ ಮದುವೆ ಅಂತ ಒಪ್ಪಲ್ಲ. ಅವನು ನಮ್ಮಣ್ಣನಿಗೆ ಯಾರೂ ಅಲ್ಲ."

"ಹೆಂಡತಿ ಆಗಿದ್ದಿದ್ರೆ?"

"ಹೆಂಡತಿ ಆಗಿದ್ದಿದ್ರೆ ಮನೆ ಅವಳದೇ. ನಿಮ್ಮನ್ನ ಯಾಕೆ ಕರೀತಿದ್ದೆ?" ತಮ್ಮ ನಕ್ಕ. ತಾನು ಎಂಥ ಮಾತಾಡಿದೆನೆಂದು ಪುಣ್ಯಾತ್ಮನಿಗೆ ಹೊಳೆಯಲೂ ಇಲ್ಲ.

ಬೀದಿಯಲ್ಲಿ ಕೊಡೆ ಹಿಡಿದ ಒಬ್ಬ ನಿಂತು ಇತ್ತ ನೋಡಿದ. ಹೆಂಡತಿ ಗಂಡನ ತೋಳು ಹಿಡಿದಳು. "ರೀ, ಅವನೇ ಇರ್ಬೇಕು!" ಕೊಡೆಯವನು ಚಪ್ಪಲಿ ಸರಿಮಾಡಿಕೊಂಡು ಹೊರಟುಹೋದ. ಆ ಇನ್ನೊಬ್ಬನ ಮುಖ ಇವರು ನೋಡಿದ್ದರೆ ತಾನೇ ಗುರುತು? ದಾರಿಹೋಕರೆಲ್ಲ ಅವನೇ ಅನ್ನಿಸುತ್ತಿದ್ದರು.

ಬೀಗದವನು ಬೀಗ ಸವರಿದ. "ಈ ಜಾತಿ ಬೀಗಕ್ಕೆ ಎರಡೇ ಕೀ. ಒಂದೆಲ್ಲಿ?"

"ಅಣ್ಣನ ಪ್ಯಾಂಟಿನ ಜೇಬಲ್ಲಿತ್ತು. ಗಡಿಬಿಡಿಲಿ ಉಟ್ಟ ಬಟ್ಟೇಲೇ ಮಣ್ಣು ಮಾಡಿದ್ವಿ."

"ಇನ್ನೊಂದು?"

"ಅವನ ಹತ್ರ ಇದೆ. ಅದಕ್ಕೇ ಹೇಳಿದ್ದು, ತೆಗೆದು ಬೇರೆ ಬೀಗ ಹಾಕಿ ಅಂತ."

"ಸರಿ. ಆ ಕಡೆ ತಿರುಗಿ."

"ಯಾಕೆ?"

"ಬೀಗ ತೆಗೆಯೋದನ್ನ ಗಿರಾಕಿ ನೋಡಬಾರದು. ನಮ್ಮ ಕಸುಬಿನ ಪದ್ಧತಿ."

ಇಬ್ಬರೂ ಬೀದಿಗೆ ಮುಖ ಮಾಡಿ ನಿಂತರು. ಹಿಂದೆ ಕಟಕ್ ಎಂದಿತು. ತಿರುಗುವಷ್ಟರಲ್ಲಿ ಬೀಗದವನು ಹಿಡಿಯನ್ನು ಮೇಲಕ್ಕೆತ್ತಿ, ಮೊಣಕಾಲು ಕೊಟ್ಟು ಬಾಗಿಲು ನೂಕಿದ್ದ.

"ಅಬ್ಬಾ, ಏನ್ ಕೈಚಳಕ ರೀ ನಿಮ್ದು!"

ತಮ್ಮ ಧಾವಿಸಿದವನು ಒಳಗಿನ ಸಡಿಲ ಹಾಸುಗಲ್ಲಿಗೆ ಎಡವಿ ಮುಗ್ಗರಿಸಿದ. ಬೀಗದವನು ಅದನ್ನು ದಾಟಿ ಹೋದ. ಕೋಣೆಯಲ್ಲಿ ಒಂದೇ ಮಂಚ, ಎರಡು ದಿಂಬು. ಹೆಂಡತಿ ಮುಖ ಸಿಂಡರಿಸಿದಳು. ಹಗ್ಗದ ಮೇಲಿನ ಟವೆಲ್ಲು ಮುಟ್ಟಿ ಬೆಚ್ಚಿದಳು.

"ಒದ್ದೆ ಇದೆ ರೀ! ಬೆಳಿಗ್ಗೆ ಇಲ್ಲೇ ಇದ್ದ. ಯಾವಾಗ ಬೇಕಾದ್ರೂ ಬರ್ತಾನೆ!"

"ಬೇಗ ಹಾಕಿ ಮುಗಿಸಪ್ಪ," ಎಂದ ತಮ್ಮ.

ಬೀಗದವನು ತಿರುಪು ಬಿಚ್ಚತೊಡಗಿದ. "ಮಣ್ಣು ಮಾಡುವಾಗ ಅವನು ಬಂದಿರಲಿಲ್ವಾ?"

"ಹೇಳಿದ್ರೆ ತಾನೇ ಬರೋಕೆ?" ಎಂದಳು ಹೆಂಡತಿ. "ಆಸ್ಪತ್ರೆಯವರು ಸಂಬಂಧಿಕರನ್ನ ಬಿಟ್ಟು ಬೇರೆಯವರನ್ನ ಒಳಗೆ ಬಿಡಲಿಲ್ಲ. ಮೂರು ದಿನ ಗೇಟಿನ ಹತ್ರ ಕೂತಿದ್ದನಂತೆ. ನಾವು ಹಿಂದಿನ ಬಾಗಿಲಿಂದ ತಗೊಂಡು ಹೋದ್ವಿ."

ತಿರುಪುಳಿ ಜಾರಿ ಮರಕ್ಕೆ ಗೀರು ಬಿತ್ತು. "ಎಲ್ಲಿಗೆ?" ತಲೆ ಎತ್ತದೆ ಕೇಳಿದ.

"ಕಾಲುವೆ ಆಚೆ ಇದೆಯಲ್ಲ ಹಳೇ ಸ್ಮಶಾನ, ಅಲ್ಲಿಗೆ. ಮೂಲೇಲಿ, ಬೇಲಿ ಪಕ್ಕ. ಕಲ್ಲು ಕೂಡ ಹಾಕಿಸಿಲ್ಲ. ಅವನಿಗೆ ಜಾಗ ಗೊತ್ತಾಗಬಾರದಲ್ಲ!"

ಬೀಗದವನು ಹಳೇ ಬೀಗ ಕಳಚಿ, ಬಟ್ಟೆಯಲ್ಲಿ ಸುತ್ತಿ ಮೇಜಿನ ಮೇಲಿಟ್ಟ. ಹೊಸದನ್ನು ಕೂರಿಸಿದ. ಅದರ ಕೀಲಿಕೈಗಳನ್ನೆಲ್ಲ ತಮ್ಮನ ಅಂಗೈಗೆ ಹಾಕಿದ.

"ಒಂದು ಲೋಟ ನೀರು ಕುಡೀಬಹುದಾ?"

"ಕುಡೀರಿ, ಅದಕ್ಕೇನು."

ಅಡುಗೆಮನೆಗೆ ಹೋಗಿ ಕುಡಿದ. ಲೋಟ ತೊಳೆದು, ಒರೆಸಿ, ಇನ್ನೊಂದು ಲೋಟದ ಪಕ್ಕ ಬೋರಲು ಹಾಕಿ ಬಂದ. ಶಿಸ್ತಿನ ಮನುಷ್ಯ ಅಂದುಕೊಂಡಳು ಹೆಂಡತಿ.

"ಎಷ್ಟಾಯ್ತು?" ತಮ್ಮ ಕಿಸೆಗೆ ಕೈ ಹಾಕಿದ.

"ಏನೂ ಬೇಡ. ನನ್ನ ಕೂಲಿ ಆಗಲೇ ಸಿಕ್ಕಿತು."

"ಅವನು ಬಂದು ಬಾಗಿಲು ಬಡಿದ್ರೆ ಏನ್ರೀ ಮಾಡೋದು?" ಹೆಂಡತಿಗೆ ಮತ್ತೆ ಅದೇ ದಿಗಿಲು.

"ಇನ್ನು ಬರಲ್ಲಮ್ಮ," ಎಂದು ಬೀಗದವನು ಮೆಟ್ಟಿಲಿಳಿದ. ಬಂದ ದಾರಿ ಬಿಟ್ಟು ಕಾಲುವೆಯ ಕಡೆಗೆ ನಡೆದ.

"ಅರೆಹುಚ್ಚ," ಎಂದು ತಮ್ಮ ನಗುತ್ತ ಹೊಸ ಬೀಗ ತಿರುಗಿಸಿ ನೋಡಿದ. ಹೆಂಡತಿ ಹಳೆಯದನ್ನು ಎಸೆಯಲೆಂದು ಬಟ್ಟೆ ಬಿಚ್ಚಿದಳು.

ಬೀಗದೊಳಗೆ ಎರಡನೆಯ ಕೀಲಿಕೈ ಇತ್ತು.