ಎಂಬತ್ತರ ವ್ರತ

ಸೊಂಟದಲ್ಲೊಂದು ಬ್ಯಾಟರಿ ಇಲ್ಲದೆ ಮನುಷ್ಯ ಎದ್ದು ನಿಲ್ಲಲಾರದ ಕಾಲವದು. ಹುಬ್ಬಳ್ಳಿಯ ಚನ್ನವೀರಪ್ಪನವರು ಬೆಳಗಿನ ಚಹಾದ ಜೊತೆ ಚಾರ್ಜಿಗೆ ಕೂತರೆ ಕಣ್ಣೆಲ್ಲ ಮುಂಗೈಯಲ್ಲಿ ಮೂಡುವ ಚಾರ್ಜಿನ ಅಂಕಿಯ ಮೇಲೆ. ಎಂಬತ್ತು ಮುಟ್ಟಿತೋ, ವೈರು ಕಿತ್ತುಬಿಡುವರು. ಬ್ಯಾಟರಿ ಹೆಚ್ಚು ಕಾಲ ಬಾಳಲೆಂದು ಹಿಡಿದ ನಲವತ್ತು ವರ್ಷದ ವ್ರತ. ಮಗಳ ಮದುವೆಯಲ್ಲಿ ಬೀಗರೆಲ್ಲ ನೂರು ತುಂಬಿಸಿಕೊಂಡು ಕುಣಿದಾಗಲೂ ಇವರು ಎಂಬತ್ತರಲ್ಲೇ ಕುರ್ಚಿ ಹಿಡಿದು ಕೂತಿದ್ದರು.

ಹೆಂಡತಿ ನೀಲಮ್ಮ ಮನೆಯಲ್ಲಿದ್ದಷ್ಟು ಹೊತ್ತೂ ವೈರು ಕೀಳುತ್ತಿರಲಿಲ್ಲ. ಸದಾ ನೂರು! ಹಾಡುತ್ತಲೇ ರೊಟ್ಟಿ ಬಡಿಯುವಳು, ವೈರು ಎಟುಕುವಷ್ಟು ದೂರ ಕುಣಿಯುವಳು.

"ಬ್ಯಾಟರಿ ಹಾಳಾಕ್ಕೈತಿ, ನೀಲಾ!"

"ಹಾಳಾದಾಗ ನೋಡೋಣಂತ, ಬಿಡ್ರಿ."

ಅಂದು ವರ್ಷದ ತಪಾಸಣೆಗೆ ಬಂದ ಡಾಕ್ಟರಮ್ಮ ಇಬ್ಬರ ಸೊಂಟಕ್ಕೂ ಮೀಟರು ಹಿಡಿದು ನಕ್ಕಳು. "ಎರಡೂ ಒಂದ ನಮೂನಿ ಸವದಾವ್ರಿ, ಅಜ್ಜಾರ. ವಯಸ್ಸಾತಲ್ಲ."

ಚನ್ನವೀರಪ್ಪನವರು ಒಮ್ಮೆ ತಮ್ಮ ಮುಂಗೈಯನ್ನು, ಒಮ್ಮೆ ನೀಲಮ್ಮನ ಮುಂಗೈಯನ್ನು ನೋಡಿದರು. ಆಮೇಲೆ ಮೆಲ್ಲಗೆ ವೈರು ಸಿಕ್ಕಿಸಿಕೊಂಡರು. ಎಂಬತ್ತು ದಾಟಿತು, ಕೀಳಲಿಲ್ಲ. ತೊಂಬತ್ತಕ್ಕೆ ಕಾಲ್ಬೆರಳು ತಾಳ ಹಾಕಿತು. ತೊಂಬತ್ತೈದಕ್ಕೆ ಬಾಯಿಂದ ತಾನಾಗಿ ಸಿಳ್ಳೆ ಹೊರಟಿತು. ನೂರಕ್ಕೆ ಪಂಚೆ ಎತ್ತಿ ಕಟ್ಟಿ, ನೀಲಮ್ಮನ ರೊಟ್ಟಿ ಹಿಟ್ಟಿನ ಕೈಯನ್ನೇ ಹಿಡಿದೆಳೆದರು.

"ಬಾರೇ ನೀಲಾ, ಮಗಳ ಮದುವ್ಯಾಗ ಕುಣಿಯೂದು ಉಳದೈತಿ!"