ಉಳಿದ ಉತ್ತರ

ಕಾಲೇಜಿನಲ್ಲಿ ಇಂಧನ ಎಂಜಿನಿಯರಿಂಗ್ ಕಲಿಸುವ ಪ್ರಾಧ್ಯಾಪಕರು ಹದಿನೆಂಟು ವರ್ಷಗಳಿಂದ ಪ್ರತಿ ಗುರುವಾರ ಸಂಜೆ ರೇಡಿಯೊದಲ್ಲಿ ಕೇಳುಗರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. ಕೊನೆಯ ಉತ್ತರವನ್ನು ಬೇಕೆಂದೇ ಅರ್ಧಕ್ಕೆ ನಿಲ್ಲಿಸುವುದು ಅವರ ರೂಢಿ. ಹಾಗೆ ಮಾಡಿದರೇ ಜನ ಮುಂದಿನ ವಾರವೂ ರೇಡಿಯೊ ಹಾಕುತ್ತಾರೆ ಎಂದು ವಿದ್ಯಾರ್ಥಿಗಳಿಗೂ ಹೇಳಿಕೊಡುತ್ತಿದ್ದರು.

ಈ ಗುರುವಾರದ ಮೊದಲ ಕರೆ ಒಬ್ಬ ಹೆಂಗಸಿನದು.

"ಸರ್, ಹೋದ ವಾರ ಕೊನೇಲಿ ಫೋನ್ ಮಾಡಿದ್ದೆ. ಮಕ್ಕಳಿಗೆ ಚಳಿ ತಡೆಯಕ್ಕಾಗ್ತಿಲ್ಲ, ಏನ್ ಮಾಡ್ಲಿ ಅಂತ."

"ನೆನಪಿದೆಯಮ್ಮ. ಕೋಣೇಲಿ ಇದ್ದಿಲ ಒಲೆ ಇಡಿ, ಕಿಟಕಿ ಬಾಗಿಲು ಮುಚ್ಚಿದ್ರೆ ಶಾಖ ಹೊರಗೆ ಹೋಗಲ್ಲ ಅಂದಿದ್ದೆ."

"ಆಮೇಲೆ 'ಆದ್ರೆ' ಅಂತ ಅಂದು ನಿಲ್ಲಿಸಿದ್ರಿ. ಉಳಿದಿದ್ದು ಈ ವಾರ ಹೇಳ್ತೀನಿ ಅಂದ್ರಿ."

"ಹೌದು. ಆದ್ರೆ, ಕಿಟಕಿ ಸ್ವಲ್ಪ ತೆಗೆದೇ ಇರಬೇಕು. ಮಲಗೋ ಮುಂಚೆ ಒಲೆ ಹೊರಗಿಡಬೇಕು. ಇಲ್ಲಾಂದ್ರೆ ಇದ್ದಿಲಿನ ವಿಷಗಾಳಿ ತುಂಬ್ಕೊಂಡು, ಮಲಗಿದವರು ಮತ್ತೆ ಏಳೋದೇ ಇಲ್ಲ."

ಪ್ರಾಧ್ಯಾಪಕರು ಮೈಕಿನ ಹತ್ತಿರ ಬಾಗಿದರು.

"ಅಮ್ಮಾ, ನೀವು ಕಿಟಕಿ ಮುಚ್ಚಿರಲಿಲ್ಲ ತಾನೆ?"

"ಅವತ್ತೇ ಮುಚ್ಚಿದ್ವಿ ಸರ್. ಇನ್ನೂ ಯಾರೂ ಬಂದು ತೆಗೆದಿಲ್ಲ."